ಸಿಡಿಎನ್ ಉದ್ಯಮವನ್ನು ಅಳೆಯುವ ಬಗೆ: ಒಲವು, ಅಪಾಯ ಮತ್ತು ಅವಕಾಶಗಳ ಟಿಪ್ಪಣಿ ಸಿದ್ಧಪಡಿಸುವುದು ಹೇಗೆ

ತಾಣಗಳ ಪುಟ, ಚಿತ್ರ, ವಿಡಿಯೊಗಳ ಪ್ರತಿಗಳನ್ನು ಬಳಕೆದಾರರ ಸಮೀಪದ ಸರ್ವರ್‌ಗಳಿಂದ ತಲುಪಿಸುವ ಕಂಟೆಂಟ್ ಡೆಲಿವರಿ ನೆಟ್‌ವರ್ಕ್, ಅಂದರೆ ಸಿಡಿಎನ್ ಉದ್ಯಮದ ಸ್ಥಿತಿಗತಿಯ ಬಗ್ಗೆ ಟಿಪ್ಪಣಿ ಬರೆದುಕೊಡಿ ಎಂದು ಸಂಸ್ಥೆಯಲ್ಲಿ ಕೇಳಿದಾಗ, ಬಹುತೇಕರು ಮೊದಲು ಹುಡುಕುವುದು ಮಾರುಕಟ್ಟೆಯ ಒಟ್ಟು ಗಾತ್ರವನ್ನು. ಹುಡುಕಿದರೆ ವರದಿಗಳಿಗೇನೂ ಕೊರತೆಯಿಲ್ಲ. ಆದರೆ ಒಂದರ ಅಂಕಿ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಲೆಕ್ಕದಲ್ಲಿ ತಪ್ಪಾಗಿದೆಯೆಂದು ಹೀಗಾಗುವುದಲ್ಲ. ಯಾವುದನ್ನು ಸಿಡಿಎನ್ ಎಂದು ಎಣಿಸಬೇಕು ಎಂಬುದರಲ್ಲೇ ಒಮ್ಮತವಿಲ್ಲ. ಒಬ್ಬರು ಬೈಟ್ ಸಾಗಿಸಿದ್ದಕ್ಕೆ ಬಂದ ಹಣವನ್ನಷ್ಟೇ ಎಣಿಸುತ್ತಾರೆ, ಇನ್ನೊಬ್ಬರು ಅದರೊಂದಿಗೆ ಭದ್ರತಾ ಸೇವೆಯನ್ನೂ ಬಳಕೆದಾರರ ಸಮೀಪದ ಸರ್ವರ್‌ನಲ್ಲೇ ಕೋಡ್ ಓಡಿಸುವ ಎಡ್ಜ್ ಕಂಪ್ಯೂಟಿಂಗನ್ನೂ ಸೇರಿಸುತ್ತಾರೆ, ಮತ್ತೊಬ್ಬರು ಕ್ಲೌಡ್ ಕಂಪನಿಗಳ ಬಿಲ್ಲಿನೊಳಗೆ ಬೆರೆತುಹೋದ ಮೊತ್ತವನ್ನು ಅಂದಾಜಿನಿಂದ ಹೊರತೆಗೆಯುತ್ತಾರೆ. ಆದ್ದರಿಂದ ಟಿಪ್ಪಣಿಯನ್ನು ಆ ಅಂಕಿಯಿಂದ ಆರಂಭಿಸಬೇಡಿ ಎಂಬುದು ನನ್ನ ಮೊದಲ ಸಲಹೆ.

ಈ ಉದ್ಯಮವನ್ನು ಬಹಳ ಕಾಲ ಹತ್ತಿರದಿಂದ ಗಮನಿಸಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಬೈಟ್ ಸಾಗಿಸುವುದಕ್ಕೆ ಸಿಗುವ ದರ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಆ ಬೈಟ್ ಹಾದುಹೋಗುವ ಬಾಗಿಲಲ್ಲಿ ನಿಂತು ಮಾಡುವ ಕೆಲಸಕ್ಕೆ ಬೆಲೆ ಬರುತ್ತಿದೆ. ಹೊಸ ಅವಕಾಶಗಳೆಲ್ಲ ಆ ಬಾಗಿಲಲ್ಲೇ ಇವೆ. ದೊಡ್ಡ ಅಪಾಯಗಳು ಹುಟ್ಟುತ್ತಿರುವುದೂ ಅಲ್ಲಿಂದಲೇ. ಅವಕಾಶ ಮತ್ತು ಅಪಾಯಗಳನ್ನು ಎರಡು ಪ್ರತ್ಯೇಕ ಪಟ್ಟಿಗಳಾಗಿ ಬರೆದರೆ ಈ ನಂಟು ಕಾಣದೆ ಹೋಗುತ್ತದೆ. ಅದನ್ನು ಕಾಣುವಂತೆ ಟಿಪ್ಪಣಿ ಬರೆಯುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಗಡಿ ಗುರುತಿಸಿಕೊಳ್ಳಿ

ಸಿಡಿಎನ್ ಏಕೆ ಬೇಕು ಎಂಬುದಕ್ಕೆ ಮೂಲ ಕಾರಣ ಭೌತಶಾಸ್ತ್ರದಲ್ಲಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಮೂಲ ಸರ್ವರ್ 10,000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿ ಬರಲು ಕನಿಷ್ಠ 100 ಮಿಲಿಸೆಕೆಂಡ್ ಬೇಕು. ಟಿಸಿಪಿ ಸಂಪರ್ಕಕ್ಕೆ ಒಂದು ಸುತ್ತು, ಸಂಪರ್ಕವನ್ನು ಗೂಢವಾಗಿಸುವ ಟಿಎಲ್‌ಎಸ್ 1.3ರ ಕೈಕುಲುಕಿಗೆ ಇನ್ನೊಂದು, ಕೋರಿಕೆ ಮತ್ತು ಉತ್ತರಕ್ಕೆ ಮತ್ತೊಂದು. ಹೀಗೆ ಮೊದಲ ಬೈಟ್ ತಲುಪುವ ಹೊತ್ತಿಗೆ 300 ಮಿಲಿಸೆಕೆಂಡ್ ಕಳೆದಿರುತ್ತದೆ. 2021ರಲ್ಲಿ ಮಾನಕವಾದ ಕ್ವಿಕ್ ಎಂಬ ಸಾಗಣೆ ನಿಯಮಾವಳಿ ಮತ್ತು ಅದರ ಮೇಲೆ 2022ರಲ್ಲಿ ಬಂದ ಎಚ್‌ಟಿಟಿಪಿ/3 ಮೊದಲ ಎರಡು ಸುತ್ತುಗಳನ್ನು ಒಂದಾಗಿಸಿದವು, ಆದರೆ ದೂರವನ್ನು ಅಳಿಸಲು ಅವುಗಳಿಂದಲೂ ಆಗದು. ಬಳಕೆದಾರನ ಸಮೀಪದಲ್ಲಿ ಒಂದು ಪ್ರತಿಯನ್ನು ಇಟ್ಟುಕೊಳ್ಳುವುದೊಂದೇ ಪರಿಹಾರ. ಈ ಅಗತ್ಯ ಎಂದಿಗೂ ಮಾಯವಾಗುವುದಿಲ್ಲ. ಹಾಗಾಗಿ ಟಿಪ್ಪಣಿಯಲ್ಲಿ ಕೇಳಬೇಕಾದ ಪ್ರಶ್ನೆ, ಈ ಅಗತ್ಯವನ್ನು ಯಾರು ಪೂರೈಸುತ್ತಾರೆ ಮತ್ತು ಅದರ ಹಣ ಯಾರ ಕೈ ಸೇರುತ್ತದೆ ಎಂಬುದು.

ಪೂರೈಸುವವರನ್ನು ಅವರ ವ್ಯವಹಾರದ ರೀತಿಗೆ ತಕ್ಕಂತೆ ವಿಂಗಡಿಸಿ. ಅಕಮೈ, ಕ್ಲೌಡ್‌ಫ್ಲೇರ್, ಫಾಸ್ಟ್ಲಿಯಂತಹ ಕಂಪನಿಗಳಿಗೆ ಇದೇ ಕಸುಬು. ಅಮೆಜಾನ್‌ನ ಕ್ಲೌಡ್‌ಫ್ರಂಟ್, ಗೂಗಲ್‌ನ ಕ್ಲೌಡ್ ಸಿಡಿಎನ್, ಮೈಕ್ರೋಸಾಫ್ಟ್‌ನ ಅಜೂರ್ ಫ್ರಂಟ್ ಡೋರ್ ಇವು ಕ್ಲೌಡ್ ಸೇವೆಯ ಜೊತೆಗೇ ಬರುವ ಜಾಲಗಳು. ಅವಕ್ಕೆ ಸಿಡಿಎನ್‌ನಿಂದಲೇ ಲಾಭವಾಗಬೇಕೆಂಬ ಒತ್ತಡವಿಲ್ಲ, ಗ್ರಾಹಕ ತಮ್ಮ ಅಂಗಳದಲ್ಲೇ ಉಳಿದರೆ ಸಾಕು. ಮೂರನೆಯ ಗುಂಪು ಮಾರುಕಟ್ಟೆ ವರದಿಗಳಲ್ಲಿ ಸರಿಯಾಗಿ ಕಾಣಿಸುವುದೇ ಇಲ್ಲ, ಏಕೆಂದರೆ ಅದು ಏನನ್ನೂ ಮಾರುವುದಿಲ್ಲ. ನೆಟ್‌ಫ್ಲಿಕ್ಸ್ ತನ್ನ ಓಪನ್ ಕನೆಕ್ಟ್ ಪೆಟ್ಟಿಗೆಗಳನ್ನು ಅಂತರ್ಜಾಲ ಸೇವಾದಾತರ ಜಾಲದೊಳಗೇ ಉಚಿತವಾಗಿ ಇರಿಸುತ್ತದೆ, ಗೂಗಲ್ ಯೂಟ್ಯೂಬ್‌ಗಾಗಿ ಪ್ರತಿಗಳನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ತನ್ನದೇ ಕ್ಯಾಶ್ ಜಾಲವನ್ನು ಹೊಂದಿದೆ, ಆಪಲ್ ಕೂಡ ತನ್ನ ಜಾಲ ಕಟ್ಟಿಕೊಂಡಿದೆ. ಜಗತ್ತಿನ ಅತಿ ಹೆಚ್ಚು ವಿಡಿಯೊ ಹರಿಯುವುದು ಹೀಗೆ ಮಾರಾಟಕ್ಕೇ ಇಲ್ಲದ ಜಾಲಗಳಲ್ಲಿ. ಟ್ರಾಫಿಕ್ ಬೆಳೆಯುತ್ತಿದೆ, ಆದ್ದರಿಂದ ಉದ್ಯಮ ಬೆಳೆಯುತ್ತದೆ ಎಂಬ ವಾಕ್ಯ ನಿಮ್ಮ ಕರಡಿನಲ್ಲಿದ್ದರೆ ಈ ಮೂರನೆಯ ಗುಂಪನ್ನು ನೆನೆದು ಅದನ್ನು ಹೊಡೆದುಹಾಕಿ.

ವಾರ್ಷಿಕ ವರದಿಯಲ್ಲಿ ಎಲ್ಲಿ ಕಣ್ಣಿಡಬೇಕು

ಷೇರುಪೇಟೆಯಲ್ಲಿ ನೋಂದಾಯಿತವಾದ ಸಿಡಿಎನ್ ಕಂಪನಿಗಳ ವಾರ್ಷಿಕ ವರದಿಗಳು ಯಾರಿಗಾದರೂ ಉಚಿತವಾಗಿ ಸಿಗುತ್ತವೆ. ದುಬಾರಿ ಮಾರುಕಟ್ಟೆ ವರದಿಗಿಂತ ಅವುಗಳನ್ನು ನಾಲ್ಕು ವರ್ಷದ್ದು ಸಾಲಾಗಿ ಇಟ್ಟುಕೊಂಡು ಓದುವುದು ಹೆಚ್ಚು ಪ್ರಯೋಜನಕಾರಿ. ಮುನ್ನುಡಿಯ ಪುಟಗಳನ್ನು ಬಿಟ್ಟು ನೇರವಾಗಿ ಆದಾಯದ ವಿಭಜನೆಗೆ ಹೋಗಿ.

ಅಕಮೈಯನ್ನೇ ತೆಗೆದುಕೊಳ್ಳಿ. ಎಂಐಟಿಯ ಗಣಿತಜ್ಞ ಟಾಮ್ ಲೇಟನ್ ಮತ್ತು ಅವರ ವಿದ್ಯಾರ್ಥಿ ಡ್ಯಾನಿಯಲ್ ಲೆವಿನ್ 1998ರಲ್ಲಿ ಸ್ಥಾಪಿಸಿದ ಈ ಕಂಪನಿ, ಯಾವ ವಸ್ತುವಿನ ಪ್ರತಿ ಯಾವ ಸರ್ವರ್‌ನಲ್ಲಿರಬೇಕು ಎಂಬುದನ್ನು ಸರ್ವರ್‌ಗಳ ಸಂಖ್ಯೆ ಬದಲಾದಾಗಲೂ ಅಸ್ತವ್ಯಸ್ತವಾಗದಂತೆ ನಿರ್ಧರಿಸುವ ಕನ್ಸಿಸ್ಟೆಂಟ್ ಹ್ಯಾಶಿಂಗ್ ಎಂಬ ಲೆಕ್ಕದ ಮೇಲೆ ನಿಂತಿತು. ಆಗ ಅದು ಮಾರುತ್ತಿದ್ದುದು ತಲುಪಿಸುವ ಕೆಲಸವನ್ನು. 2024ರಲ್ಲಿ ಅದರ ಒಟ್ಟು ಆದಾಯ ಸುಮಾರು 400 ಕೋಟಿ ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಭದ್ರತಾ ಸೇವೆಗಳಿಂದ, ತಲುಪಿಸುವ ಕೆಲಸದಿಂದ ಬಂದದ್ದು ಸುಮಾರು ಮೂರನೇ ಒಂದು ಭಾಗ, ಅದೂ ಹಿಂದಿನ ವರ್ಷಕ್ಕಿಂತ ಕಡಿಮೆ. ಉಳಿದದ್ದು ಕಂಪ್ಯೂಟಿಂಗ್. ಅದನ್ನು ಬೆಳೆಸಲು 2022ರಲ್ಲಿ ಸುಮಾರು 90 ಕೋಟಿ ಡಾಲರ್ ಕೊಟ್ಟು ಲಿನೋಡ್ ಎಂಬ ಕ್ಲೌಡ್ ಕಂಪನಿಯನ್ನು ಕೊಂಡಿತ್ತು. ಉದ್ಯಮಕ್ಕೆ ಹೆಸರು ತಂದುಕೊಟ್ಟ ಕಸುಬು ಆ ಉದ್ಯಮದ ಅತಿ ಹಳೆಯ ಕಂಪನಿಗಳಲ್ಲೊಂದರಲ್ಲೇ ಕುಗ್ಗುತ್ತಿದೆ. ಇಷ್ಟು ಬಲವಾದ ಒಲವಿನ ಸೂಚನೆಯನ್ನು ಬೇರೆ ಯಾವ ಸಮೀಕ್ಷೆಯೂ ನಿಮಗೆ ಕೊಡಲಾರದು.

ಆಮೇಲೆ ದೊಡ್ಡ ಗ್ರಾಹಕರ ಪಾಲನ್ನು ಹುಡುಕಿ. ಆದಾಯದ ಶೇ. 10ಕ್ಕಿಂತ ಹೆಚ್ಚು ಒಬ್ಬರಿಂದಲೇ ಬರುತ್ತಿದ್ದರೆ ಅದು ವರದಿಯಲ್ಲಿ ನಮೂದಾಗಿರುತ್ತದೆ. 2020ರ ಮೊದಲ ಆರು ತಿಂಗಳಲ್ಲಿ ಫಾಸ್ಟ್ಲಿಯ ಆದಾಯದ ಸುಮಾರು ಶೇ. 12 ಟಿಕ್‌ಟಾಕ್‌ನ ಮಾತೃಸಂಸ್ಥೆ ಬೈಟ್‌ಡಾನ್ಸ್‌ನಿಂದ ಬಂದಿತ್ತು. ಅಮೆರಿಕದಲ್ಲಿ ಟಿಕ್‌ಟಾಕ್ ನಿಷೇಧದ ಮಾತು ಎದ್ದು ಆ ಟ್ರಾಫಿಕ್ ಬೇರೆಡೆಗೆ ಸರಿದಾಗ, ಅಕ್ಟೋಬರ್‌ನಲ್ಲಿ ಕಂಪನಿ ತನ್ನ ಆದಾಯದ ಅಂದಾಜನ್ನು ತಗ್ಗಿಸಿತು. ಒಂದೇ ದಿನದಲ್ಲಿ ಷೇರಿನ ಬೆಲೆ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ದೊಡ್ಡ ಗ್ರಾಹಕರು ಸಾಮಾನ್ಯವಾಗಿ ಹಲವು ಸಿಡಿಎನ್‌ಗಳನ್ನು ಏಕಕಾಲದಲ್ಲಿ ಬಳಸುತ್ತಾರೆ. ಅವರ ಟ್ರಾಫಿಕ್ ಒಂದು ಸಂಜೆಯೊಳಗೆ ಒಂದು ಜಾಲದಿಂದ ಇನ್ನೊಂದಕ್ಕೆ ಹೋಗಬಲ್ಲದು. ಬರೀ ಬೈಟ್ ಮಾರುವ ಕಂಪನಿಗೆ ದೊಡ್ಡ ಗ್ರಾಹಕ ಬಲವೂ ಹೌದು, ಭಯವೂ ಹೌದು.

ಮೂರನೆಯದಾಗಿ ಸಾಲದ ಪುಟ ನೋಡಿ. 2001ರಲ್ಲಿ ಲೈಮ್‌ಲೈಟ್ ನೆಟ್‌ವರ್ಕ್ಸ್ ಎಂದು ಆರಂಭವಾದ ಕಂಪನಿ 2022ರಲ್ಲಿ ಯಾಹೂವಿನಿಂದ ಎಡ್ಜ್‌ಕಾಸ್ಟ್ ಎಂಬ ಸಿಡಿಎನ್ ಅನ್ನು ಕೊಂಡು ಎಡ್ಜಿಯೊ ಎಂದು ಹೆಸರು ಬದಲಿಸಿಕೊಂಡಿತು. ಎರಡು ಜಾಲ ಸೇರಿದರೆ ಗಾತ್ರದ ಲಾಭ ಸಿಗುತ್ತದೆ ಎಂಬುದು ಆಗಿನ ತರ್ಕ. 2024ರ ಸೆಪ್ಟೆಂಬರ್‌ನಲ್ಲಿ ಅದು ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು, ಗ್ರಾಹಕರ ಒಪ್ಪಂದಗಳಲ್ಲಿ ಕೆಲವನ್ನು ಅಕಮೈ ಕೊಂಡಿತು, 2025ರ ಜನವರಿ ನಡುವಿನ ಹೊತ್ತಿಗೆ ಜಾಲವೇ ಸ್ಥಗಿತವಾಯಿತು. ಸ್ಟ್ಯಾಕ್‌ಪಾತ್ ಮತ್ತು ಲ್ಯೂಮೆನ್ ಕೂಡ 2023ರಲ್ಲಿ ತಮ್ಮ ಸಿಡಿಎನ್ ಗ್ರಾಹಕರ ಒಪ್ಪಂದಗಳನ್ನು ಅಕಮೈಗೆ ಬಿಟ್ಟುಕೊಟ್ಟಿದ್ದವು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೈಕ್ರೋಸಾಫ್ಟ್ ಅಜೂರ್‌ನ ಮೂಲಕ ಸಿಡಿಎನ್ ಪಡೆದಿದ್ದ ಹಲವರಿಗೆ ಬಿಲ್ ಕಳಿಸುತ್ತಿದ್ದುದು ಮೈಕ್ರೋಸಾಫ್ಟ್. ಒಳಗಿದ್ದ ಜಾಲ ಎಡ್ಜಿಯೊದ್ದಾಗಿದ್ದರಿಂದ ಅವರೂ 2025ರ ಜನವರಿ 15ರೊಳಗೆ ಆತುರದಿಂದ ಸ್ಥಳಾಂತರಗೊಳ್ಳಬೇಕಾಯಿತು. ಬಿಲ್ಲಿನ ಮೇಲಿರುವ ಹೆಸರು ಒಂದು, ಕೆಲಸ ಮಾಡುವ ಜಾಲ ಇನ್ನೊಂದು ಆಗಿರಬಹುದು. ನಿಮ್ಮ ಟಿಪ್ಪಣಿಯಲ್ಲಿ ಎರಡನ್ನೂ ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ.

ನಿಮ್ಮದೇ ಅಂಕಿಗಳನ್ನು ಹತ್ತಿರದಿಂದ ನೋಡಿ

ಉದ್ಯಮದ ಒಲವು ನಿಮ್ಮ ಸಂಸ್ಥೆಗೆ ಎಷ್ಟು ತಟ್ಟುತ್ತದೆ ಎಂಬುದು ನಿಮ್ಮ ಲಾಗ್ ಕಡತಗಳಿಂದ ಮಾತ್ರ ತಿಳಿಯುತ್ತದೆ. ಇದಕ್ಕೆ ದೊಡ್ಡ ಸಲಕರಣೆಯೇನೂ ಬೇಡ. ಕರ್ಲ್ ಆದೇಶದಿಂದ ನಿಮ್ಮ ತಾಣದ ಒಂದು ಚಿತ್ರವನ್ನು ಎರಡು ಬಾರಿ ತರಿಸಿ ಉತ್ತರದ ಹೆಡರ್‌ಗಳನ್ನು ಓದಿ. ಏಜ್ ಎಂಬ ಹೆಡರ್ ಆ ಪ್ರತಿ ಕ್ಯಾಶ್‌ನಲ್ಲಿ ಎಷ್ಟು ಸೆಕೆಂಡಿನಿಂದ ಇದೆ ಎಂದು ಹೇಳುತ್ತದೆ. ಎರಡನೇ ಬಾರಿಯೂ ಅದು ಸೊನ್ನೆಯಾಗಿದ್ದರೆ ಅಥವಾ ಕಾಣದಿದ್ದರೆ, ನೀವು ಹಣ ಕೊಡುತ್ತಿರುವ ಎಡ್ಜ್ ಸರ್ವರ್ ಬರೀ ದಾರಿಹೋಕನಂತೆ ಕೋರಿಕೆಯನ್ನು ಮೂಲಕ್ಕೆ ದಾಟಿಸುತ್ತಿರಬಹುದು. ಕ್ಯಾಶ್-ಕಂಟ್ರೋಲ್ ಹೆಡರ್‌ನಲ್ಲಿ ಯಾರೋ ಎಂದೋ ನೋ-ಸ್ಟೋರ್, ಅಂದರೆ ಪ್ರತಿ ಇಟ್ಟುಕೊಳ್ಳಬೇಡ ಎಂದು ಬರೆದು ಮರೆತಿರಬಹುದು.

ನಾನು ಪರಿಶೀಲಿಸಿದ ಒಂದು ತಾಣದಲ್ಲಿ ಕಾರಣ ಇನ್ನೂ ಸಣ್ಣದಾಗಿತ್ತು. ಒಂದೇ ಚಿತ್ರದ ವಿಳಾಸದ ಕೊನೆಯಲ್ಲಿ ಅಗಲ ಮೊದಲು, ಗುಣಮಟ್ಟ ಆಮೇಲೆ ಎಂದು ಒಂದು ಪುಟ ಕೇಳುತ್ತಿತ್ತು. ಗುಣಮಟ್ಟ ಮೊದಲು, ಅಗಲ ಆಮೇಲೆ ಎಂದು ಇನ್ನೊಂದು ಪುಟ ಕೇಳುತ್ತಿತ್ತು. ಕ್ಯಾಶ್‌ನ ಕಣ್ಣಿಗೆ ಅವು ಎರಡು ಬೇರೆ ವಸ್ತುಗಳು. ಪ್ರತಿ ಚಿತ್ರವೂ ಪ್ರತಿ ಎಡ್ಜ್‌ನಲ್ಲೂ ಎರಡೆರಡು ಪ್ರತಿಯಾಗಿ ಕುಳಿತಿತ್ತು. ವಿಳಾಸದ ನಿಯತಾಂಕಗಳನ್ನು ಅಕಾರಾದಿಯಾಗಿ ಜೋಡಿಸುವ ಒಂದು ಸಾಲಿನ ನಿಯಮ ಹಾಕಿದ ಮೇಲೆ ಮೂಲ ಸರ್ವರ್‌ನ ಮೇಲಿನ ಭಾರ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಕ್ಯಾಶ್ ಹಿಟ್ ಪ್ರಮಾಣವನ್ನು, ಅಂದರೆ ಮೂಲ ಸರ್ವರ್‌ಗೆ ಹೋಗದೆ ಕ್ಯಾಶ್‌ನಿಂದಲೇ ಉತ್ತರ ಸಿಕ್ಕ ಕೋರಿಕೆಗಳ ಪಾಲನ್ನು ಓದುವಾಗ ಒಂದು ಎಚ್ಚರ ಬೇಕು. ಶೇ. 95ರಿಂದ 90ಕ್ಕೆ ಇಳಿಯಿತು ಎಂದರೆ ಕೇಳಲು ಐದೇ ಅಂಶಗಳ ಇಳಿಕೆ. ಆದರೆ ಮೂಲ ಸರ್ವರ್‌ಗೆ ತಲುಪುವ ಕೋರಿಕೆಗಳು ಶೇ. 5ರಿಂದ 10ಕ್ಕೆ ಏರಿದವು, ಅಂದರೆ ಭಾರ ದುಪ್ಪಟ್ಟಾಯಿತು. ಶೇ. 99ರಿಂದ 98ಕ್ಕೆ ಇಳಿದರೂ ಅಷ್ಟೇ. ಟಿಪ್ಪಣಿಯಲ್ಲಿ ಹಿಟ್ ಪ್ರಮಾಣದ ಬದಲು ತಪ್ಪಿಹೋದ ಪ್ರಮಾಣವನ್ನೇ ಬರೆಯುವುದು ಒಳ್ಳೆಯದು.

ಬಿಲ್ಲಿನ ವಿಧಾನವನ್ನೂ ಇದೇ ಕಾಳಜಿಯಿಂದ ನೋಡಬೇಕು. ಗಿಗಾಬೈಟ್ ಲೆಕ್ಕದಲ್ಲಿ ದರ ಕಟ್ಟುವುದು ಸುಲಭವಾಗಿ ಅರ್ಥವಾಗುತ್ತದೆ. 95ನೇ ಶೇಕಡಾಂಶದ ಲೆಕ್ಕ ಹಾಗಲ್ಲ. ಪ್ರತಿ 5 ನಿಮಿಷಕ್ಕೊಮ್ಮೆ ವೇಗವನ್ನು ಅಳೆದರೆ 30 ದಿನಗಳ ತಿಂಗಳಲ್ಲಿ 8,640 ಅಳತೆಗಳಾಗುತ್ತವೆ; ಅತಿ ಹೆಚ್ಚಿನ ಶೇ. 5, ಅಂದರೆ 432 ಅಳತೆಗಳನ್ನು ಬಿಟ್ಟು ಅದರ ಕೆಳಗಿನ ಅಳತೆಗೆ ಹಣ ಕಟ್ಟಬೇಕು. 432 ಅಳತೆಗಳೆಂದರೆ 36 ಗಂಟೆ. ತಿಂಗಳಿಗೆ ಮೂರು ಗಂಟೆಯ ಹನ್ನೆರಡು ನೇರಪ್ರಸಾರ ನಡೆಸಿದರೆ ಅಷ್ಟೂ ಭಾರ ಲೆಕ್ಕದ ಹೊರಗೆ ಉಳಿಯುತ್ತದೆ, ಹದಿಮೂರನೆಯದು ನಡೆದ ಕೂಡಲೇ ಇಡೀ ತಿಂಗಳ ಬಿಲ್ ಆ ಎತ್ತರಕ್ಕೆ ಏರುತ್ತದೆ. ಒಪ್ಪಂದದ ಮಾತುಕತೆಗೆ ಕೂರುವ ಮುನ್ನ ನಿಮ್ಮ ಕಳೆದ ವರ್ಷದ ಅಳತೆಗಳ ಮೇಲೆ ಎರಡೂ ವಿಧಾನಗಳ ಲೆಕ್ಕ ಹಾಕಿ ನೋಡಿ. ಯಾವುದು ಅಗ್ಗ ಎಂಬುದು ನಿಮ್ಮ ಟ್ರಾಫಿಕ್‌ನ ಆಕಾರದ ಮೇಲೆ ನಿಂತಿದೆ, ಮಾರಾಟಗಾರನ ಮಾತಿನ ಮೇಲಲ್ಲ.

ಅಪಾಯಗಳನ್ನು ತೂಗುವುದು

ಬಾಗಿಲಲ್ಲಿ ಮಾಡುವ ಕೆಲಸ ಹೆಚ್ಚಿದಷ್ಟೂ ಬಾಗಿಲೇ ಕೆಡುವ ಸಾಧ್ಯತೆ ಹೆಚ್ಚುತ್ತದೆ ಎಂಬುದಕ್ಕೆ ದಾಖಲೆಯಾದ ಸಾಕ್ಷಿಗಳಿವೆ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್‌ನ ಫೈರ್‌ವಾಲ್ ನಿಯಮವೊಂದರಲ್ಲಿದ್ದ ರೆಗ್ಯುಲರ್ ಎಕ್ಸ್‌ಪ್ರೆಶನ್ (ಪಠ್ಯದಲ್ಲಿ ನಮೂನೆ ಹುಡುಕುವ ಸೂತ್ರ) ಪ್ರೊಸೆಸರ್‌ನ ಶಕ್ತಿಯನ್ನೆಲ್ಲ ನುಂಗಿ ಜಾಲವನ್ನು ನಿಲ್ಲಿಸಿತು. 2025ರ ನವೆಂಬರ್ 18ರಂದು ಅದೇ ಕಂಪನಿಯಲ್ಲಿ, ಡೇಟಾಬೇಸ್ ಅನುಮತಿಯಲ್ಲಾದ ಒಂದು ಬದಲಾವಣೆಯಿಂದ ಬಾಟ್‌ಗಳನ್ನು, ಅಂದರೆ ತಾಣಗಳಿಗೆ ತಾವಾಗಿ ಭೇಟಿಕೊಡುವ ಪ್ರೋಗ್ರಾಮ್‌ಗಳನ್ನು ಗುರುತಿಸುವ ವ್ಯವಸ್ಥೆಯ ಕಡತ ದುಪ್ಪಟ್ಟು ದೊಡ್ಡದಾಗಿ, ಅದನ್ನು ಓದುವ ಸಾಫ್ಟ್‌ವೇರ್ ತನ್ನ ಮಿತಿ ಮೀರಿ ಬಿದ್ದುಹೋಯಿತು. ಮುಖ್ಯ ಟ್ರಾಫಿಕ್ ಸರಿಯಾಗಲು ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಎರಡೂ ಸಂದರ್ಭಗಳಲ್ಲಿ ಎಡವಿದ್ದು ಬೈಟ್ ಸಾಗಿಸುವ ಭಾಗವಲ್ಲ, ಕಾವಲಿನ ಭಾಗ. ಫಾಸ್ಟ್ಲಿಯಲ್ಲಿ 2021ರ ಜೂನ್ 8ರಂದು ನಡೆದದ್ದು ಬೇರೆ ಬಗೆಯದು: ಒಬ್ಬ ಗ್ರಾಹಕ ಮಾಡಿದ ಸರಿಯಾದ ಸಂರಚನಾ ಬದಲಾವಣೆ ಒಳಗೆ ಅಡಗಿದ್ದ ದೋಷವನ್ನು ಎಬ್ಬಿಸಿತು, ಜಾಲದ ಶೇ. 85 ಭಾಗ ದೋಷದ ಉತ್ತರ ಕೊಡತೊಡಗಿತು. ಎಲ್ಲರ ಸಂರಚನೆಯೂ ಒಂದೇ ಸಾಫ್ಟ್‌ವೇರ್‌ನಲ್ಲಿ ನಡೆಯುವಾಗ ನೆರೆಯವನ ಬದಲಾವಣೆ ನಿಮ್ಮ ತಾಣವನ್ನು ಬೀಳಿಸಬಲ್ಲದು.

ಇಂತಹ ಒಂದು ಸ್ಥಗಿತದ ದಿನ ನನ್ನ ತಂಡ ಪಟ್ಟ ಪಾಡನ್ನು ಇಲ್ಲಿ ಹೇಳಲೇಬೇಕು. ಬದಲಿ ಸಿಡಿಎನ್ ಸಿದ್ಧವಿತ್ತು, ಪರೀಕ್ಷೆಯೂ ಆಗಿತ್ತು. ಆದರೆ ಟ್ರಾಫಿಕ್ ತಿರುಗಿಸಲು, ತಾಣದ ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಡಿಎನ್‌ಎಸ್ ದಾಖಲೆ ಬದಲಿಸಬೇಕು. ಆ ಡಿಎನ್‌ಎಸ್ ಇದ್ದದ್ದೂ ಕೆಟ್ಟುನಿಂತ ಸೇವಾದಾತರ ಬಳಿಯೇ, ಅವರ ನಿಯಂತ್ರಣ ಫಲಕ ಇದ್ದದ್ದೂ ಅದೇ ಜಾಲದ ಹಿಂದೆ. ಲಾಗಿನ್ ಪುಟವೇ ತೆರೆಯಲಿಲ್ಲ. ಡೊಮೇನ್ ನೋಂದಣಿಯಲ್ಲಿ ನೇಮ್‌ಸರ್ವರ್‌ಗಳನ್ನೇ ಬದಲಿಸೋಣವೆಂದರೆ ಡಾಟ್ ಕಾಮ್ ವಲಯದಲ್ಲಿ ಆ ದಾಖಲೆಯ ಆಯುಷ್ಯ 1,72,800 ಸೆಕೆಂಡ್, ಅಂದರೆ ಪೂರಾ ಎರಡು ದಿನ. ಬಳಕೆದಾರರ ಪರವಾಗಿ ವಿಳಾಸ ಹುಡುಕುವ, ಹಳೆಯದನ್ನು ನೆನಪಿಟ್ಟುಕೊಂಡ ರಿಸಾಲ್ವರ್‌ಗಳು ಅಲ್ಲಿಯವರೆಗೂ ಹಳೆಯ ದಾರಿಯನ್ನೇ ತೋರಿಸಬಹುದು. ನಾವು ಸುಮ್ಮನೆ ಕಾದೆವು. ನಮ್ಮ ಯೋಜನೆಯ ಕಡತದಲ್ಲಿ ಎರಡು ಸಿಡಿಎನ್‌ಗಳು ಇದ್ದವು, ವಾಸ್ತವದಲ್ಲಿ ಇದ್ದದ್ದು ಒಂದೇ ಕೀಲಿಕೈ. ಅಂದಿನಿಂದ ನಾನು ಯಾವ ಸಂಸ್ಥೆಯ ಪರಿಶೀಲನೆಗೆ ಹೋದರೂ ಕೇಳುವ ಮೊದಲ ಪ್ರಶ್ನೆ ಡಿಎನ್‌ಎಸ್ ಯಾರ ಕೈಯಲ್ಲಿದೆ ಎಂಬುದು.

ಹೊರಗಿನ ದಾಳಿಗಳ ಗಾತ್ರವೂ ನಂಬಲಾಗದ ವೇಗದಲ್ಲಿ ಬೆಳೆಯುತ್ತಿದೆ. 2023ರಲ್ಲಿ ಎಚ್‌ಟಿಟಿಪಿ/2ರ ಒಂದು ದೌರ್ಬಲ್ಯವನ್ನು ಬಳಸಿದ ರ್‍ಯಾಪಿಡ್ ರೀಸೆಟ್ ದಾಳಿಯಲ್ಲಿ ಗೂಗಲ್ ಸೆಕೆಂಡಿಗೆ 39.8 ಕೋಟಿ ಕೋರಿಕೆಗಳನ್ನು ಎದುರಿಸಿತು. 2025ರ ಮೇ ತಿಂಗಳಲ್ಲಿ ಕ್ಲೌಡ್‌ಫ್ಲೇರ್ ಸೆಕೆಂಡಿಗೆ 7.3 ಟೆರಾಬಿಟ್ ದಾಳಿಯನ್ನು ದಾಖಲಿಸಿತು. ಅದೇ ವರ್ಷ ಆ ದಾಖಲೆ 29.7 ಟೆರಾಬಿಟ್‌ಗೆ ಏರಿತು. ಇಷ್ಟನ್ನು ಹೀರಿಕೊಳ್ಳುವ ಸಾಮರ್ಥ್ಯ ಬೆರಳೆಣಿಕೆಯ ಜಾಲಗಳಿಗಷ್ಟೇ ಇದೆ. ಹಾಗಾಗಿ ಚಿಕ್ಕ ಸಿಡಿಎನ್‌ಗಳು ವೇಗದಲ್ಲಿ ಸರಿಸಾಟಿಯಾಗಿದ್ದರೂ ಗ್ರಾಹಕರು ಭಯದಿಂದಲೇ ದೊಡ್ಡವರ ಬಳಿ ಸೇರುತ್ತಾರೆ, ಒಬ್ಬರ ಮೇಲೆಯೇ ಎಲ್ಲರೂ ಅವಲಂಬಿತರಾಗುವುದು ಹೀಗೆ. ನಿಮ್ಮ ಟಿಪ್ಪಣಿಯಲ್ಲಿ ಈ ಎರಡು ಅಪಾಯಗಳನ್ನು ಒಂದೇ ಪ್ಯಾರಾದಲ್ಲಿ ಬರೆಯಿರಿ, ಏಕೆಂದರೆ ಒಂದಕ್ಕೆ ಕೊಡುವ ಮದ್ದು ಇನ್ನೊಂದನ್ನು ಹೆಚ್ಚಿಸುತ್ತದೆ.

ಉಚಿತ ಸಾರ್ವಜನಿಕ ಸಿಡಿಎನ್‌ಗಳಿಂದ ಜಾವಾಸ್ಕ್ರಿಪ್ಟ್ ಎಳೆದುಕೊಳ್ಳುವ ಅಭ್ಯಾಸವಿದ್ದರೆ ಪಾಲಿಫಿಲ್ ಡಾಟ್ ಐಒ ಪ್ರಕರಣವನ್ನು ಓದಿಕೊಳ್ಳಿ. 2024ರ ಫೆಬ್ರವರಿಯಲ್ಲಿ ಆ ಡೊಮೇನ್ ಹೊಸ ಒಡೆಯರ ಕೈಸೇರಿತು, ಜೂನ್ ಹೊತ್ತಿಗೆ ಅದರಿಂದ ಹೊರಟ ಕೋಡ್ ಓದುಗರನ್ನು ಬೇರೆ ತಾಣಗಳಿಗೆ ತಿರುಗಿಸುತ್ತಿದ್ದುದು ಬಯಲಾಯಿತು. ಒಂದು ಲಕ್ಷಕ್ಕೂ ಹೆಚ್ಚು ತಾಣಗಳು ಅದನ್ನು ಬಳಸುತ್ತಿದ್ದವು. ಅಂತಹ ಕಡತಗಳನ್ನು ನಿಮ್ಮದೇ ಡೊಮೇನಿನಿಂದ ಕೊಡಿ.

ಕಾನೂನಿನ ಒತ್ತಡ ದೇಶದಿಂದ ದೇಶಕ್ಕೆ ಬೇರೆಯಾಗಿರುತ್ತದೆ. ಯುರೋಪಿಯನ್ ಒಕ್ಕೂಟದ ಸೈಬರ್ ಭದ್ರತೆಯ ಎನ್‌ಐಎಸ್2 ನಿರ್ದೇಶನ ಸಿಡಿಎನ್ ಸೇವಾದಾತರನ್ನು ಹೆಸರಿಸಿಯೇ ತನ್ನ ವ್ಯಾಪ್ತಿಗೆ ತಂದಿದೆ. ಸ್ಪೇನಿನಲ್ಲಿ 2025ರಿಂದ ಫುಟ್‌ಬಾಲ್ ಪಂದ್ಯಗಳ ಕಳ್ಳಪ್ರಸಾರ ತಡೆಯಲು ಕ್ಲೌಡ್‌ಫ್ಲೇರ್‌ನ ಐಪಿ ವಿಳಾಸಗಳನ್ನೇ ತಡೆಹಿಡಿಯಲಾಗುತ್ತಿದ್ದು, ಅದೇ ವಿಳಾಸ ಹಂಚಿಕೊಂಡ ಸಂಬಂಧವಿಲ್ಲದ ತಾಣಗಳೂ ಪಂದ್ಯದ ಹೊತ್ತಿನಲ್ಲಿ ಮುಚ್ಚಿಕೊಳ್ಳುತ್ತಿವೆ. ದಕ್ಷಿಣ ಕೊರಿಯಾದಲ್ಲಿ ಟ್ರಾಫಿಕ್ ಕಳಿಸುವವರು ಜಾಲಶುಲ್ಕ ಕೊಡಬೇಕಾದ ವ್ಯವಸ್ಥೆಯ ದುಬಾರಿ ವೆಚ್ಚವನ್ನು ಕಾರಣವಾಗಿ ಕೊಟ್ಟು ನೇರಪ್ರಸಾರ ತಾಣ ಟ್ವಿಚ್ 2024ರ ಫೆಬ್ರವರಿಯಲ್ಲಿ ಅಲ್ಲಿಂದ ಹೊರನಡೆಯಿತು. ನೀವು ಸೇವೆ ಕೊಡುವ ಪ್ರತಿ ದೇಶಕ್ಕೂ ಒಂದೊಂದು ಸಾಲು ಬರೆದರೆ ಸಾಕು. ಆದರೆ ಬರೆಯದೆ ಬಿಡಬೇಡಿ.

ಅವಕಾಶಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು

ಎಡ್ಜ್ ಕಂಪ್ಯೂಟಿಂಗ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ಅತಿ ಹೆಚ್ಚು ಉತ್ಪ್ರೇಕ್ಷೆ ಇರುವುದು ಇಲ್ಲಿ. 2017ರಲ್ಲಿ ಲ್ಯಾಮ್ಡಾ ಅಟ್ ಎಡ್ಜ್ ಮತ್ತು ಕ್ಲೌಡ್‌ಫ್ಲೇರ್ ವರ್ಕರ್ಸ್ ಬಂದ ಮೇಲೆ ಬಳಕೆದಾರನ ಸಮೀಪದಲ್ಲೇ ಕೋಡ್ ಓಡಿಸುವುದು ಸುಲಭವಾಯಿತು. ಆದರೆ ಕೋಡ್ ಹತ್ತಿರ ಬಂದು ಡೇಟಾಬೇಸ್ ದೂರದಲ್ಲೇ ಉಳಿದರೆ, ಆ ಕೋಡ್ ಮೂರು ಬಾರಿ ಡೇಟಾಬೇಸನ್ನು ಕೇಳಿದರೆ ಮೂರು ಬಾರಿಯೂ 100 ಮಿಲಿಸೆಕೆಂಡ್ ಕೊಡಬೇಕು. ಕೋಡ್ ಡೇಟಾಬೇಸಿನ ಪಕ್ಕದಲ್ಲೇ ಇದ್ದಿದ್ದರೆ ಒಮ್ಮೆ ಕೊಟ್ಟರೆ ಸಾಕಿತ್ತು. ಲಾಗಿನ್ ಟೋಕನ್ ಪರಿಶೀಲನೆ, ವಿಳಾಸ ತಿರುಗಿಸುವುದು, ಚಿತ್ರದ ಗಾತ್ರ ಬದಲಿಸುವುದು, ಬಾಟ್ ತಡೆಯುವುದು ಇಂತಹ ನೆನಪು ಬೇಡದ ಕೆಲಸಗಳಿಗೆ ಎಡ್ಜ್ ಅತ್ಯುತ್ತಮ. ಅದರಾಚೆಗೆ ಕೊಂಡೊಯ್ಯುವ ಮುನ್ನ ಸುತ್ತುಗಳನ್ನು ಎಣಿಸಿ. ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಎಡ್ಜ್‌ನಲ್ಲಿ ಓಡಿಸುವ ಮಾತಿಗೂ ಇದೇ ಅಳತೆಗೋಲು ಅನ್ವಯಿಸುತ್ತದೆ: ಉತ್ತರ ಸಿದ್ಧವಾಗಲು ಹಲವು ಸೆಕೆಂಡ್ ಹಿಡಿಯುವ ಕೆಲಸದಲ್ಲಿ ದೂರ ಉಳಿಸಿಕೊಡುವ 80 ಮಿಲಿಸೆಕೆಂಡ್‌ಗೆ ಯಾರೂ ಹೆಚ್ಚಿಗೆ ಹಣ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಧ್ವನಿ ಸಂಭಾಷಣೆಯಂತಹ ಕೆಲವೇ ಬಳಕೆಗಳು ಇದಕ್ಕೆ ಹೊರತು.

ನೇರಪ್ರಸಾರ ಗಟ್ಟಿಯಾದ ಅವಕಾಶ. ಸಿನಿಮಾವನ್ನು ಟ್ರಾಫಿಕ್ ಕಡಿಮೆಯಿರುವ ರಾತ್ರಿ ಹೊತ್ತಿನಲ್ಲೇ ಎಡ್ಜ್‌ಗೆ ತುಂಬಿಸಿಡಬಹುದು, ಪಂದ್ಯವನ್ನು ಹಾಗೆ ತುಂಬಿಸಿಡಲಾಗದು. ಸ್ವಂತ ಜಾಲದಲ್ಲಿ ಅಷ್ಟು ವರ್ಷದ ಅನುಭವವಿದ್ದ ನೆಟ್‌ಫ್ಲಿಕ್ಸ್ ಕೂಡ 2024ರ ನವೆಂಬರ್ 15ರ ಟೈಸನ್–ಪಾಲ್ ಬಾಕ್ಸಿಂಗ್ ಪಂದ್ಯದ ರಾತ್ರಿ, ಏಕಕಾಲಕ್ಕೆ 6.5 ಕೋಟಿ ಸ್ಟ್ರೀಮ್‌ಗಳ ಗರಿಷ್ಠ ಮಟ್ಟ ತಲುಪಿದಾಗ, ಬಫರಿಂಗ್ ದೂರುಗಳಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಇಲ್ಲಿ ಮಾರಾಟವಾಗುವುದು ಬೈಟ್ ಅಲ್ಲ. ಒಂದು ನಿಗದಿತ ಗಂಟೆಗೆ ಕಾದಿಟ್ಟ ಸಾಮರ್ಥ್ಯ ಮತ್ತು ಹಲವು ಜಾಲಗಳ ನಡುವೆ ವೀಕ್ಷಕರನ್ನು ಕ್ಷಣದಲ್ಲಿ ಹಂಚುವ ಜಾಣ್ಮೆ. ಇದಕ್ಕೆ ದರ ಇಳಿಯುವುದು ನಿಧಾನ. ಕ್ವಿಕ್‌ನ ಮೇಲೆ ನೇರಪ್ರಸಾರ ಸಾಗಿಸುವ ಮಾನಕವೊಂದನ್ನು ಅಂತರ್ಜಾಲ ಮಾನಕಗಳ ಸಂಸ್ಥೆಯಾದ ಐಇಟಿಎಫ್‌ನ ಕಾರ್ಯಗುಂಪು ರೂಪಿಸುತ್ತಿದೆ. ಅದರ ಪ್ರಗತಿಯ ಮೇಲೆ ಕಣ್ಣಿಡಿ.

ಕೃತಕ ಬುದ್ಧಿಮತ್ತೆಯ ಮಾದರಿಗಳ ತರಬೇತಿಗಾಗಿ ತಾಣಗಳನ್ನು ಕೊಯ್ಯುವ ಬಾಟ್‌ಗಳು ಪ್ರಕಾಶಕರಿಗೆ ಕಾಟವಾಗಿವೆ, ಸಿಡಿಎನ್‌ಗಳಿಗೆ ವ್ಯಾಪಾರವಾಗಿವೆ. ಅವು ಯಾರೂ ಓದದ ಹಳೆಯ ಪುಟಗಳನ್ನು ಸಾಲುಸಾಲಾಗಿ ಕೇಳುವುದರಿಂದ ಕ್ಯಾಶ್‌ಗೆ ಸಿಗದೆ ನೇರವಾಗಿ ಮೂಲ ಸರ್ವರ್‌ಗೆ ಬಡಿಯುತ್ತವೆ. 2025ರ ಜುಲೈನಲ್ಲಿ ಕ್ಲೌಡ್‌ಫ್ಲೇರ್ ಹೊಸ ಗ್ರಾಹಕರಿಗೆ ಇಂತಹ ಬಾಟ್‌ಗಳನ್ನು ಪೂರ್ವನಿಯೋಜಿತವಾಗಿ ತಡೆಯಲು ಆರಂಭಿಸಿತು. ಜೊತೆಗೆ, ದಶಕಗಳಿಂದ ಕೆಲಸವಿಲ್ಲದೆ ಬಿದ್ದಿದ್ದ ಹಣ ಕೊಡಬೇಕು ಎಂಬರ್ಥದ ಎಚ್‌ಟಿಟಿಪಿ 402 ಸಂಕೇತವನ್ನು ಬಳಸಿ ಪ್ರತಿ ಭೇಟಿಗೆ ಶುಲ್ಕ ಕೇಳುವ ಪ್ರಯೋಗಕ್ಕೂ ಕೈಹಾಕಿತು. ಈ ಶುಲ್ಕದಿಂದ ಪ್ರಕಾಶಕರಿಗೆ ದೊಡ್ಡ ಆದಾಯ ಬರುತ್ತದೆಂದು ಈಗಲೇ ಬರೆಯಬೇಡಿ. ಆದರೆ ಯಾರು ಒಳಗೆ ಬರಬಹುದು ಎಂದು ನಿರ್ಧರಿಸುವ ಅಧಿಕಾರ ಬಾಗಿಲ ಬಳಿ ನಿಂತವರಿಗೆ ಬಂದಿದೆ ಎಂಬುದು ಆಗಿಹೋದ ಸಂಗತಿ.

ಕೊಳ್ಳುವವರಿಗೂ ಒಂದು ಅವಕಾಶ ಕಾದಿದೆ. ಕ್ಲೌಡ್‌ನಿಂದ ಡೇಟಾ ಹೊರತರಲು ವಿಧಿಸುವ ಎಗ್ರೆಸ್ ಶುಲ್ಕ ಸಿಡಿಎನ್ ಬದಲಿಸಲು ಇದ್ದ ದೊಡ್ಡ ಅಡ್ಡಿಗಳಲ್ಲೊಂದು. 2024ರಲ್ಲಿ ಗೂಗಲ್, ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಪೂರ್ತಿ ಬಿಟ್ಟುಹೋಗುವ ಗ್ರಾಹಕರಿಗೆ ಅದನ್ನು ಮನ್ನಾ ಮಾಡಿದವು. 2025ರ ಸೆಪ್ಟೆಂಬರ್ 12ರಿಂದ ಜಾರಿಯಲ್ಲಿರುವ ಯುರೋಪಿನ ಡೇಟಾ ಕಾಯ್ದೆಯಂತೆ 2027ರ ಜನವರಿ 12ರ ನಂತರ ಸೇವೆ ಬದಲಿಸುವುದಕ್ಕೆ ಶುಲ್ಕ ವಿಧಿಸುವಂತಿಲ್ಲ. ಆ ದಿನಾಂಕವನ್ನು ದಾಟುವ ದೀರ್ಘ ಒಪ್ಪಂದಕ್ಕೆ ಈಗ ಸಹಿ ಮಾಡುವುದಾದರೆ ನಿರ್ಗಮನದ ಷರತ್ತನ್ನು ಮತ್ತೊಮ್ಮೆ ಓದಿ.

ಟಿಪ್ಪಣಿ ಬರೆಯುವಾಗ

ಪ್ರತಿ ಹೇಳಿಕೆಯ ಪಕ್ಕದಲ್ಲಿ, ಯಾವ ಸಂಗತಿ ನಡೆದರೆ ಈ ಹೇಳಿಕೆ ತಪ್ಪೆಂದು ಒಪ್ಪಿಕೊಳ್ಳುತ್ತೇನೆ ಎಂದು ಒಂದು ಸಾಲು ಬರೆಯಿರಿ. ತಲುಪಿಸುವ ಕೆಲಸದ ಆದಾಯ ಕುಗ್ಗುತ್ತದೆ ಎಂದಿದ್ದರೆ, ಎರಡು ದೊಡ್ಡ ಕಂಪನಿಗಳಲ್ಲಿ ಅದು ಸತತ ನಾಲ್ಕು ತ್ರೈಮಾಸಿಕ ಏರಿದರೆ ನಾನು ಮರುಪರಿಶೀಲಿಸುತ್ತೇನೆ ಎನ್ನಿ. ಪ್ರತಿಸ್ಪರ್ಧಿಗಳು ಕಡಿಮೆಯಾಗುತ್ತಿರುವುದರಿಂದ ಇದು ಅಸಾಧ್ಯವೇನಲ್ಲ. ಎಡ್ಜಿಯೊ ಹೋದ ಮೇಲೆ ಉಳಿದವರಿಗೆ ದರ ಇಳಿಸುವ ಆತುರ ತಗ್ಗಬಹುದು. ಹೀಗೆ ಬರೆದಿಟ್ಟ ಟಿಪ್ಪಣಿಯನ್ನು ಆರು ತಿಂಗಳ ನಂತರ ತೆರೆದರೆ ಎಲ್ಲಿ ತಪ್ಪಿದ್ದೇವೆಂದು ಹುಡುಕುತ್ತಾ ಕೂರಬೇಕಾಗಿಲ್ಲ. ಅಂಕಿಗಳಿಗೆ ವರ್ಷ ಹಾಕುವುದನ್ನೂ ಮರೆಯಬೇಡಿ.

ಟಿಪ್ಪಣಿಯನ್ನು ಒಪ್ಪಿಸುವ ಮುನ್ನ ಒಂದು ಪ್ರಯೋಗ ಮಾಡಿ. ಟ್ರಾಫಿಕ್ ಅತಿ ಕಡಿಮೆ ಇರುವ ಹೊತ್ತು ಆರಿಸಿಕೊಂಡು, ಡಿಎನ್‌ಎಸ್ ದಾಖಲೆಯ ಆಯುಷ್ಯವನ್ನು ಹಿಂದಿನ ದಿನವೇ 60 ಸೆಕೆಂಡಿಗೆ ಇಳಿಸಿ, ನಿಮ್ಮ ಮುಖ್ಯ ಸಿಡಿಎನ್‌ನ ಯಾವ ಫಲಕಕ್ಕೂ ಲಾಗಿನ್ ಆಗದೆ ಹತ್ತು ನಿಮಿಷ ಟ್ರಾಫಿಕ್ಕನ್ನು ಬದಲಿ ಜಾಲಕ್ಕೆ ತಿರುಗಿಸಿ ನೋಡಿ. ಟಿಎಲ್‌ಎಸ್ ಪ್ರಮಾಣಪತ್ರ ಅಲ್ಲಿದೆಯೇ, ಫೈರ್‌ವಾಲ್ ನಿಯಮಗಳು ಅಲ್ಲೂ ಇವೆಯೇ, ಖಾಲಿ ಕ್ಯಾಶ್‌ನಿಂದ ಬರುವ ಮೊದಲ ಅಲೆಯನ್ನು ಮೂಲ ಸರ್ವರ್ ತಾಳಿಕೊಳ್ಳುತ್ತದೆಯೇ ಎಂಬುದು ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಎಷ್ಟು ನಿಮಿಷಕ್ಕೆ ಎಷ್ಟು ಟ್ರಾಫಿಕ್ ತಿರುಗಿತು, ಎಲ್ಲಿ ಯಾರ ಅನುಮತಿಗಾಗಿ ಕಾಯಬೇಕಾಯಿತು ಎಂಬುದನ್ನು ಬರೆದು, ಆ ಪುಟವನ್ನು ಟಿಪ್ಪಣಿಯ ಮೊದಲ ಪುಟವಾಗಿ ಇಡಿ.